ಕೇಳಬಾರದ್ದನ್ನು ಕೇಳಿದ ಫೋನು

ಹುಳಿಯಾರಿನ ಕೊಬ್ಬರಿ ಗೋದಾಮಿನ ಮಹಡಿಯ ಮೇಲೆ ಸಾಫ್ಟ್‌ವೇರ್ ಪಾಠ ನಡೆಯುತ್ತದೆ ಅಂದರೆ ಹೊರಗಿನವರು ನಗುತ್ತಾರೆ. ನಗಲಿ, ನಮ್ಮ ಗಂಟೇನು ಹೋಗಬೇಕು? ಕೆಳಗೆ ಹಮಾಲಿಗಳು ಚೀಲ ಎತ್ತಿ ಹಾಕುವ ಸದ್ದು, ಮೇಲೆ ಮಕ್ಕಳು ಕೀಲಿಮಣೆ ಕುಟ್ಟುವ ಸದ್ದು. ಪುಸ್ತಕ, ಬ್ಯಾಗು, ತಲೆಗೂದಲು ಎಲ್ಲಕ್ಕೂ ಕೊಬ್ಬರಿ ವಾಸನೆ. ಸಂಜೆ ಪಾಠ ಮುಗಿಸಿ ಬಸ್ಸು ಹತ್ತಿದವರನ್ನು ಕಂಡಕ್ಟರು ಮೂಸಿಯೇ ಗುರುತು ಹಿಡಿದು, “ಸುಷ್ಮಿತಾ ಮೇಡಂ ಪಾರ್ಟಿ ಏನ್ರಪ್ಪಾ?” ಅನ್ನುತ್ತಾನೆ.

ಆ ಸುಷ್ಮಿತಾಳ ಕತೆ ಇದು. ಹಗಲು ಅಲ್ಲೇ ಒಂದು ಮೂಲೆಯಲ್ಲಿ ಕೂತು ಎಲ್ಲೋ ದೂರದ ಒಂದು ಕಂಪನಿಗೆ ಕೋಡ್ ಬರೆಯುತ್ತಾಳೆ, ಅದು ಹೊಟ್ಟೆಪಾಡು. ಸಂಜೆ ಮತ್ತು ಭಾನುವಾರ ಕಾಲೇಜು ಮಕ್ಕಳಿಗೆ ಅದೇ ವಿದ್ಯೆಯನ್ನು ಪುಕ್ಕಟೆ ಕಲಿಸುತ್ತಾಳೆ, ಅದು ಅವಳ ಹುಚ್ಚು. ಗೋದಾಮು ಕಾಡಸಿದ್ದಪ್ಪನವರದು. ಊರಿನ ಹಳೇ ಕೊಬ್ಬರಿ ವ್ಯಾಪಾರಿ, ಬಾಯಿ ಜೋರು, ಕೈ ಧಾರಾಳ. ಮಹಡಿ ಬಿಟ್ಟುಕೊಡುವಾಗ ಅವರು ಹಾಕಿದ ಷರತ್ತು ಒಂದೇ: “ಮೇಲೆ ನೀರು ಚೆಲ್ಲಂಗಿಲ್ಲ ಕಣವ್ವ. ಕಂಪ್ಯೂಟರ್ ಹಾಳಾದ್ರೆ ನಿಂದು, ಕೊಬ್ಬರಿ ಬೂಷ್ಟು ಹಿಡಿದ್ರೆ ನಂದು.” ಅಂದಿನಿಂದ ಮಕ್ಕಳ ನೀರಿನ ಬಾಟಲಿಗಳೆಲ್ಲ ಮೆಟ್ಟಿಲ ಕೆಳಗೆ ಸಾಲಾಗಿ ನಿಂತಿರುತ್ತವೆ.

ಸುಷ್ಮಿತಾಳ ಮೊದಲ ಪಾಠದಲ್ಲಿ ಕಂಪ್ಯೂಟರನ್ನು ಮುಟ್ಟುವ ಹಾಗೇ ಇಲ್ಲ. ಅವಳು ಬೋರ್ಡಿನ ಮೇಲೆ ದಪ್ಪಗೆ ಬರೆಯುತ್ತಾಳೆ: ಯಾರು ಹೊರಗುಳಿದರು? “ನಾವು ಮಾಡೋದು ಬಾಗಿಲು ಮಾಡೋ ಕೆಲಸ ಕಣ್ರೋ. ಬಡಗಿ ಚೌಕಟ್ಟು ಇಡೋವಾಗ ಆ ಮನೇಲಿ ಎಲ್ಲರಿಗಿಂತ ಎತ್ತರ ಇರೋನ ತಲೆ ನೋಡ್ತಾನೆ. ನೀವು ಯಾರ ತಲೆ ನೋಡಿದ್ರಿ? ಹಣೆ ಚಚ್ಚಿಸಿಕೊಂಡೋನ್ನ ಬಗ್ಗಿ ಬರಬೇಕಿತ್ತು ಅಂತ ಬೈಬೇಡಿ.” ಪಾಠ ಅಂದರೆ ಪಾಠವೇ. ಹೇಳಿದವಳೇ ಒಂದು ದಿನ ಚೌಕಟ್ಟನ್ನು ಗಿಡ್ಡ ಇಟ್ಟಳು ಅನ್ನುವುದು ಮುಂದಿನ ಮಾತು.

ಅದಕ್ಕೆ ಮುಂಚೆ ಗಂಗಕ್ಕನ ವಿಷಯ ಹೇಳಬೇಕು. ಗಂಗಕ್ಕ ಇಲ್ಲದಿದ್ದರೆ ಸುಷ್ಮಿತಾಳೂ ಇಲ್ಲ, ಈ ಮಹಡಿಯೂ ಇಲ್ಲ.

ಸುಷ್ಮಿತಾ ಹುಟ್ಟಿದ್ದು ಬೋರನಕಣಿವೆ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಹನುಮಂತರಾಜು ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದ. ಅಮ್ಮ ಮಂಜಮ್ಮ ನಾರಿನ ಕಾರ್ಖಾನೆಗೆ ಹೋಗುತ್ತಿದ್ದಳು. ಮಗು ಬೆಳೆದದ್ದು ಪಕ್ಕದ ಮನೆಯ ಗಂಗಕ್ಕನ ಜಗಲಿಯ ಮೇಲೆ. ಗಂಗಕ್ಕ ತೆಂಗಿನ ಗರಿ ಸೀಳಿ, ಕಡ್ಡಿ ಹೆರೆದು ಪೊರಕೆ ಕಟ್ಟುವವಳು. ಒಂದು ಕೈಯಲ್ಲಿ ಚೂರಿ, ಇನ್ನೊಂದು ಕೈಯಲ್ಲಿ ಗರಿ, ಬಾಯಲ್ಲಿ ಮಾತ್ರ ಯಾವಾಗಲೂ ಬೈಗುಳ. ಆ ಬೈಗುಳ ತಿಂದುಕೊಂಡೇ ಹುಡುಗಿ ಮುದ್ದೆಯನ್ನೂ ತಿಂದು ಬೆಳೆದಳು.

ಏಳನೇ ಕ್ಲಾಸು ಮುಗಿದಾಗ ಹನುಮಂತರಾಜು ಮಗಳ ಓದು ಸಾಕು ಅಂದ. ಹೈಸ್ಕೂಲು ಇದ್ದದ್ದು ಹುಳಿಯಾರಿನಲ್ಲಿ. “ಅಷ್ಟು ದೂರ ಹೆಣ್ಮಗೀನ ಯಾರ್ ಕಳಿಸ್ತಾರೆ? ನನ್ ಜತೆ ಕಾಯಿ ಆಯಕ್ಕೆ ಬರ್ಲಿ.” ಮಂಜಮ್ಮ ಅತ್ತಳು, ಹುಡುಗಿ ಅತ್ತಳು, ಅವನು ಜಪ್ಪಯ್ಯ ಅನ್ನಲಿಲ್ಲ. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗಂಗಕ್ಕ ಬಂದು ಅವರ ಮನೆಯ ಹೊಸ್ತಿಲ ಮೇಲೆ ಕೂತಳು.

ನಮ್ಮ ಕಡೆ ಹೊಸ್ತಿಲ ಮೇಲೆ ಯಾರೂ ಕೂರುವುದಿಲ್ಲ. ದೀಪದ ಹೊತ್ತಿನಲ್ಲಂತೂ ಮಗು ಅಲ್ಲಿ ಕಾಲಿಟ್ಟು ನಿಂತರೂ ಒಂದು ಏಟು ಬೀಳುತ್ತದೆ. ಹನುಮಂತರಾಜು ಚಡಪಡಿಸಿದ.

“ಏಳಕ್ಕ, ದೀಪ ಹಚ್ಚೋ ಹೊತ್ತು.”

“ಹಚ್ಚಪ್ಪ, ಯಾರ್ ಬ್ಯಾಡ ಅಂದೋರು?”

“ನೀ ಇಲ್ಲಿ ಕುಂತ್ರೆ ಲಕ್ಷ್ಮಿ ಹೆಂಗೆ ಒಳಕ್ಕೆ ಬತ್ತಾಳೆ?”

“ಮನೇಲಿರೋ ಸರಸ್ವತೀನ ಕಾಯಿ ಆಯಕ್ಕೆ ಅಟ್ಟೋನ ಮನೆಗೆ ಲಕ್ಷ್ಮಿ ಯಾಕ್ ಬತ್ತಾಳ್ಲಾ? ಈ ಮಗ ಸ್ಕೂಲಿಗೆ ಹೋಯ್ತದೆ ಅನ್ನು, ಏಳ್ತೀನಿ. ಇಲ್ದಿದ್ರೆ ಇಲ್ಲೇ ನನ್ ಸೆರಗು ಹಾಸ್ಕಂಡು ಮಲಗ್ತೀನಿ.”

ಮಂಜಮ್ಮ ಒಳಗೆ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದಳು. ಕತ್ತಲಾಗುತ್ತಾ ಬಂತು, ದೀಪ ಹಚ್ಚಿರಲಿಲ್ಲ, ಬೀದಿಯವರು ಬಂದು ಇಣುಕಿದರು. ಕೊನೆಗೆ ಹನುಮಂತರಾಜು ತಲೆ ಕೆರೆದುಕೊಂಡು, “ಓದ್ಲಿ ಬುಡಕ್ಕ ಅತ್ಲಾಗಿ,” ಅಂದ. ಗಂಗಕ್ಕ ಎದ್ದು, ಹೊಸ್ತಿಲಿಗೆ ಕೈಮುಗಿದು, “ತಪ್ಪಾಯ್ತು ತಾಯಿ, ಮಗೀಗೋಸ್ಕರ ಕುಂತೆ,” ಅಂದು ಮನೆಗೆ ಹೋದಳು. ಹೈಸ್ಕೂಲು ಶುರುವಾದ ದಿನದಿಂದ ಬಸ್ ಸ್ಟಾಪಿನ ತನಕ ಹುಡುಗಿಯ ಜತೆ ನಡೆದವಳೂ ಅವಳೇ. ಇವತ್ತಿಗೂ ಸುಷ್ಮಿತಾ ಯಾವ ಮನೆಯ ಹೊಸ್ತಿಲು ದಾಟಿದರೂ ಒಂದು ಗಳಿಗೆ ಆ ಸಂಜೆ ನೆನಪಾಗುತ್ತದೆ, ಎದೆ ತುಂಬಿ ಬರುತ್ತದೆ.

ಆ ಗಂಗಕ್ಕನಿಗೆ ವಯಸ್ಸಾದ ಮೇಲೆ ಕಣ್ಣಿಗೆ ಪೊರೆ ಬಂತು. ಎರಡು ಕಣ್ಣಿಗೂ. ಮೊದಮೊದಲು, “ಮಂಜು ಬಿದ್ದಂಗೆ ಕಾಣ್ತದೆ,” ಅಂದಳು. ಆಮೇಲೆ ಕಡ್ಡಿ ಹೆರೆಯುವ ಚೂರಿ ಬೆರಳನ್ನೇ ಹೆರೆಯತೊಡಗಿತು. ತುಮಕೂರಿನ ಆಸ್ಪತ್ರೆಗೆ ಬಾ ಅಂತ ಸುಷ್ಮಿತಾ ಕರೆದರೆ, “ನಿನ್ ಸಂಪಾದ್ನೆ ನನ್ ಕಣ್ಣಿಗ್ ಯಾಕೆ ಸುರೀತೀಯ?” ಅಂತ ಜಗಳ. ಹಟದಲ್ಲಿ ಅವಳನ್ನು ಗೆದ್ದವರು ಯಾರೂ ಇಲ್ಲ. ಅಷ್ಟರಲ್ಲಿ ಹುಳಿಯಾರಿನ ವ್ಯಾಪಾರಿಗಳ ಸಂಘ ಕಣ್ಣಿನ ಶಿಬಿರ ನಡೆಸುವುದೆಂದು ತೀರ್ಮಾನವಾಯಿತು. ಸುತ್ತಲ ಹಳ್ಳಿಯವರನ್ನು ಬಸ್ಸಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದು ಪುಕ್ಕಟೆ ಆಪರೇಷನ್. ಸಂಘಕ್ಕೆ ಕಾಡಸಿದ್ದಪ್ಪನವರೇ ಹಿರಿಯರು. ಊರೆಲ್ಲ ಹೋಗುವ ಬಸ್ಸು ಅಂದ ಮೇಲೆ ಗಂಗಕ್ಕನೂ, “ಹೂಂ, ನಾನೂ ಬತ್ತೀನಿ,” ಅಂದಳು. ಈ ಬಸ್ಸು ತಪ್ಪಿದರೆ ಮತ್ತೆ ಶಿಬಿರ ಯಾವಾಗಲೋ, ಅಷ್ಟರಲ್ಲಿ ಅವಳ ಮನಸ್ಸು ಯಾವ ಕಡೆಗೆ ತಿರುಗುವುದೋ.

ಹೆಸರು ಸೇರಿಸುವ ಕೆಲಸ ಸುಷ್ಮಿತಾಳ ಮಕ್ಕಳಿಗೆ ಬಂತು. ಓದು ಬರಹ ಬಾರದವರೂ ಬರೀ ಫೋನ್ ಮಾಡಿ ಹೆಸರು ಸೇರಿಸುವಂಥ ಒಂದು ಪ್ರೋಗ್ರಾಂ. ನಂಬರಿಗೆ ಕರೆ ಮಾಡಿದರೆ ಕನ್ನಡದಲ್ಲಿ ಒಂದು ದನಿ ಪ್ರಶ್ನೆ ಕೇಳುತ್ತದೆ, ಉತ್ತರ ಹೇಳಿದರೆ ದಾಖಲಾಗುತ್ತದೆ, ಅಷ್ಟೆ. ಬರೆದವಳು ಜೀವಿತಾ, ಕಾಡಸಿದ್ದಪ್ಪನವರ ಮೊಮ್ಮಗಳು, ಕ್ಲಾಸಿನಲ್ಲೇ ಚುರುಕು. ಫೋನಿನಲ್ಲಿ ಕೇಳುವ ದನಿಯೂ ಅವಳದೇ. ಹೆಸರು, ಊರು, ಆಮೇಲೆ ಹೆಂಗಸರಾದರೆ ಗಂಡನ ಹೆಸರು, ಗಂಡಸರಾದರೆ ಅಪ್ಪನ ಹೆಸರು. ಒಂದೊಂದು ಊರಲ್ಲೂ ಮೂರು ಮೂರು ಗಂಗಕ್ಕ ಇರುವಾಗ ಯಾವ ಗಂಗಕ್ಕ ಅಂತ ಗೊತ್ತಾಗಬೇಡವೇ? ಉತ್ತರ ಬರದೆ ಸುಮ್ಮನಿದ್ದರೆ ಕರೆ ತಾನಾಗಿ ಕಟ್.

ಪರೀಕ್ಷೆ ಮಾಡದೆ ಬಿಟ್ಟರು ಅನ್ನಬೇಡಿ, ಮಾಡಿದರು. ಹಾಲಿನ ಡೈರಿಯ ಮುಂದೆ ಸಾಲು ನಿಂತ ಹೆಂಗಸರ ಹತ್ತಿರ ಹೋಗಿ ಜೀವಿತಾ ಇವೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದಳು. ಎಲ್ಲದಕ್ಕೂ ಉತ್ತರ ಬಂತು. “ಚೆನ್ನಾಗೈತೆ ಕಣವ್ವ,” ಅಂದರು. ಪಕ್ಕದಲ್ಲಿ ನಿಂತಿದ್ದ ಸುಷ್ಮಿತಾಳೂ ತಲೆಯಾಡಿಸಿದಳು.

ಬಸ್ಸಿಗೆ ಎರಡು ದಿನ ಇರುವಾಗ, ಭಾನುವಾರ ಬೆಳಿಗ್ಗೆ, ಸೇರಿದ ಹೆಸರುಗಳನ್ನು ಸುಷ್ಮಿತಾ ನೋಡಿದಳು. ಬರೀ ಗಂಡಸರು, ಗಂಡಸರು. ಹೆಂಗಸರು ಬೆರಳೆಣಿಕೆಯಷ್ಟು, ಅವರೂ ಚಿಕ್ಕ ವಯಸ್ಸಿನವರು. ಗಂಗಕ್ಕನ ಹೆಸರಿಲ್ಲ. ಅವಳು ಗಾಡಿ ಹತ್ತಿ ಊರಿಗೆ ಓಡಿದಳು.

ಗಂಗಕ್ಕ ಜಗಲಿಯ ಮೇಲೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

“ಫೋನ್ ಮಾಡ್ಲಿಲ್ವೇನಜ್ಜಿ?”

“ಮಾಡ್ದೆ. ಮೂರ್ ದಪ ಮಾಡ್ದೆ.”

“ಮತ್ತೆ?”

“ಅದು ಕೇಳ್ಬಾರದ್ದು ಕೇಳ್ತದೆ ಕಣವ್ವ.” ಗಂಗಕ್ಕ ಮುಖ ಅತ್ತ ತಿರುಗಿಸಿದಳು. “ದನಿ ಏನೋ ಜೇನಿದ್ದಂಗೈತೆ. ಹೆಸರು ಕೇಳ್ತು, ಹೇಳ್ದೆ. ಊರು ಕೇಳ್ತು, ಹೇಳ್ದೆ. ಆಮೇಲೆ ನಮ್ಮನೆಯವರ ಹೆಸರು ಹೇಳು ಅಂತು. ಹೆಂಗ್ ಹೇಳ್ಲಿ? ಆವತ್ತು ಮನೆಗೆ ಸೊಸೆ ಬಂದಿದ್ಲು, ಅವಳಾದ್ರೂ ಮಾವನ ಹೆಸರು ಹೆಂಗ್ ಹೇಳ್ತಾಳೆ? ಇಬ್ರೂ ಮುಖ ಮುಖ ನೋಡ್ಕಂಡ್ವಿ. ಅದು ಪಟ್ ಅಂತ ಇಟ್ಬುಡ್ತು.”

ಸುಷ್ಮಿತಾಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಇದೇನು ಅವಳಿಗೆ ಗೊತ್ತಿಲ್ಲದ್ದೇ? ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಯಾರಾದರೂ ಗಂಡನ ಹೆಸರು ಕೇಳಿದರೆ ಅಜ್ಜಿ ಪಕ್ಕದವಳನ್ನು ಮೊಣಕೈಯಲ್ಲಿ ತಿವಿಯುತ್ತಾಳೆ, ಪಕ್ಕದವಳು ಹೇಳುತ್ತಾಳೆ. ಡೈರಿಯ ಮುಂದೆಯೂ ಆದದ್ದು ಅದೇ. ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು ಹೇಳಿದ್ದಳು. ಅದು ಎಷ್ಟು ಸಹಜವೆಂದರೆ ಕೇಳಿದವಳಿಗೂ ತಿಳಿಯಲಿಲ್ಲ, ನೋಡುತ್ತ ನಿಂತಿದ್ದ ಮೇಡಮ್ಮಿಗೂ ತಿಳಿಯಲಿಲ್ಲ. ಫೋನಿಗೆ ಪಕ್ಕದ ಮನೆಯವಳು ಎಲ್ಲಿಂದ ಬರಬೇಕು?

ಗಂಗಕ್ಕನ ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಹೆಸರು ಊರಿಗೆಲ್ಲ ಗೊತ್ತು, ನಮಗೂ ಗೊತ್ತು. ಆದರೆ ಅವಳೇ ಹೇಳದ ಮೇಲೆ ನಾವ್ಯಾಕೆ ಇಲ್ಲಿ ಬರೆಯೋಣ?

“ಹೋಗ್ಲಿ ಬಿಡಜ್ಜಿ, ನಾನೇ ನಿನ್ ಹೆಸರು ಸೇರಿಸ್ತೀನಿ. ಕಾಡಸಿದ್ದಪ್ಪ ಸಾಹುಕಾರ್ರಿಗೆ ಒಂದ್ ಮಾತು ಹೇಳಿದ್ರೆ ಆಯ್ತು,” ಅಂದಳು ಸುಷ್ಮಿತಾ.

ಗಂಗಕ್ಕ ಮಬ್ಬುಗಣ್ಣಲ್ಲೇ ಅವಳನ್ನು ದುರುಗುಟ್ಟಿದಳು. “ನಂಗೆ ನೀನಿದ್ದೀಯ. ಮೇಲ್ಕೇರಿ ಮರಿಯಮ್ಮಂಗೆ ಯಾರವ್ಳೆ? ಅವಳೂ ಫೋನ್ ಇಟ್ಬಿಟ್ಟು ಅಳ್ತಾ ಕುಂತವ್ಳೆ. ನನ್ನೊಬ್ಬಳ್ನೇ ಕದ್ದು ಸೇರ್ಸಿದ್ರೆ ನಾ ಆ ಬಸ್ಸು ಹತ್ತಾಕಿಲ್ಲ, ತಿಳ್ಕ.” ಹತ್ತುವುದಿಲ್ಲ ಅಂದರೆ ಹತ್ತುವುದಿಲ್ಲ. ಸುಷ್ಮಿತಾಳಿಗೆ ಅವಳ ಜಾತಕವೇ ಗೊತ್ತು.

ಮಧ್ಯಾಹ್ನದ ಕ್ಲಾಸಿನಲ್ಲಿ ವಿಷಯ ಹೇಳಿದಾಗ ಜೀವಿತಾ ಕೆಂಪಾದಳು. ತಪ್ಪಿಗೆ ನಾಚಿ ಅಲ್ಲ, ಸಿಟ್ಟಿಗೆ.

“ಇದು ನನ್ ತಪ್ಪು ಹೆಂಗಾಗ್ತದೆ ಮಿಸ್? ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿಯಾಗ್ತದೆ ಅನ್ನೋ ಮೂಢನಂಬಿಕೆಗೆ ನಾವು ಕೋಡ್ ಬರೀಬೇಕಾ? ಹೆಣ್ಮಕ್ಕಳು ಬಾಯಿ ಬಿಡಬೇಕು ಅಂತ ನೀವೇ ಹೇಳ್ತೀರಿ.”

ಮಾತಿನಲ್ಲಿ ಹುರುಳಿತ್ತು, ಸುಷ್ಮಿತಾ ಅದನ್ನು ತಳ್ಳಿಹಾಕಲಿಲ್ಲ.

“ಜಗಳ ಆಡು ಜೀವಿತಾ. ಅಜ್ಜಿ ಎದುರು ಕೂತು, ಮುದ್ದೆ ಉಣ್ತಾ ಆಡು. ನಾನೂ ನಿನ್ ಜತೆ ಬತ್ತೀನಿ. ಆದ್ರೆ ಅವರ ಕಣ್ಣು ಒತ್ತೆ ಇಟ್ಕೊಂಡು ಆಡಬೇಡ. ಬಾಯಿ ಬಿಟ್ರೆ ಕಣ್ಣು ಕೊಡ್ತೀವಿ ಅನ್ನೋದು ಸುಧಾರಣೆ ಅಲ್ಲ, ದಬ್ಬಾಳಿಕೆ. ತಪ್ಪು ನಿನ್ನೊಬ್ಬಳದಲ್ಲ. ಡೈರಿ ಮುಂದೆ ನಾನೂ ನಿಂತಿದ್ದೆ.”

“ಎಲ್ಲಾ ಅಜ್ಜೀರೂ ಹಂಗಿಲ್ಲ ಮಿಸ್. ನಮ್ಮಜ್ಜಿ ಹೇಳ್ತಾರೆ, ನೋಡಿ ಬೇಕಾದ್ರೆ,” ಅಂದವಳೇ ಜೀವಿತಾ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. ಆ ಕಡೆ ಅವಳ ಅಜ್ಜಿ ಸಿದ್ದಗಂಗಮ್ಮ.

“ಅಜ್ಜಿ, ತಾತನ ಹೆಸರು ಹೇಳು.”

“ಥೂ, ಹೋಗೇ ಆಚೆ!”

“ಒಂದ್ಸಲ ಹೇಳಜ್ಜಿ, ನನ್ ಮಾನದ ಪ್ರಶ್ನೆ.”

“ಏನೇ ಬಂದಿರೋದು ನಿಂಗೆ? ಮೊನ್ನೆ ಆ ಫೋನಲ್ಲೂ ನಿನ್ ದನಿ ಇದ್ನೇ ಕೇಳ್ತು. ನಾಚ್ಕೆಯಾಗಿ ಇಟ್ಬಿಟ್ಟೆ.”

ಮಕ್ಕಳು ಗೊಳ್ಳೆಂದರು. ಜೀವಿತಾ ಮಾತ್ರ ನಗಲಿಲ್ಲ. “ನೀನ್ಯಾಕೆ ಫೋನ್ ಮಾಡಿದ್ದೆ ಅಜ್ಜಿ?” ಅಂತ ಮೆಲ್ಲಗೆ ಕೇಳಿದಳು.

ಸಿದ್ದಗಂಗಮ್ಮನವರ ದನಿ ಇಳಿಯಿತು. “ಎಡಗಣ್ಣು ಕಾಣ್ತಾ ಇಲ್ಲ ಕಣೇ. ಬಲಗಣ್ಣೂ ಅಷ್ಟಕ್ಕಷ್ಟೇ. ನಿಮ್ ತಾತಂಗೆ ಹೇಳ್ಬೇಡ, ಸುಮ್ನೆ ಕೂಗಾಡ್ತಾರೆ.”

ತಾತ ಬಾಗಿಲಲ್ಲೇ ನಿಂತಿದ್ದರು. ಬಸ್ಸಿನ ಸೀಟು ಎಷ್ಟು ಭರ್ತಿಯಾಯಿತು ಅಂತ ಕೇಳಲು ಮೆಟ್ಟಿಲು ಹತ್ತಿ ಬಂದಿದ್ದ ಕಾಡಸಿದ್ದಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಕೂಗಾಡಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು, “ಐವತ್ತು ವರ್ಷದಿಂದ ಒಂದೇ ಮನೇಲಿದ್ದೀವಿ, ನಂಗೇ ಗೊತ್ತಿಲ್ವಲ್ಲ ಶಿವನೇ,” ಅಂತ ಬೆಂಚಿನ ಮೇಲೆ ಕುಸಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ತಡವರಿಸುವ ಹೆಜ್ಜೆ ಕೇಳಿಸಿತು. ಸುಷ್ಮಿತಾಳ ಅಮ್ಮ ಮಂಜಮ್ಮನ ಕೈ ಹಿಡಿದುಕೊಂಡು ಗಂಗಕ್ಕ ಬಂದಳು. ಬೆಳಿಗ್ಗೆ ಸುಷ್ಮಿತಾ ಸಪ್ಪೆ ದನಿಯಲ್ಲಿ ಹೇಳಿ ಹೋದದ್ದನ್ನು ಅವಳು ಮರೆತಿರಲಿಲ್ಲ. ಬಂದವಳು ಉಸ್ಸೆಂದು ಸುಧಾರಿಸಿಕೊಂಡು ಕೇಳಿದಳು: “ಎಲ್ಲೈತೆ ಆ ಫೋನು? ಕೊಡಿ ಇತ್ಲಾಗೆ. ನಾ ಹೇಳ್ತೀನಿ ನಮ್ಮನೆಯವರ ಹೆಸರು.”

“ಅಜ್ಜಿ!”

“ಸುಮ್ಕಿರು. ನಾ ಮೊದ್ಲು ಹೇಳಿದ್ರೆ ಮರಿಯಮ್ಮನೂ ಹೇಳ್ತಾಳೆ, ಎಲ್ರೂ ಹೇಳ್ತಾರೆ. ಹಗಲೂ ರಾತ್ರಿ ಕುಂತು ಮಾಡವೆ ಈ ಮಕ್ಳು. ನಮ್ಮಿಂದ ನಿನ್ ಕೆಲ್ಸಕ್ಕೆ ಕೆಟ್ಟ ಹೆಸರು ಬರ್ಬಾರ್ದು. ಹೊಸ್ತಿಲ ಮೇಲೇ ಕುಂತೋಳು ನಾನು, ಇದೇನ್ ಮಹಾ?” ಅವಳು ಕಣ್ಣು ಮುಚ್ಚಿ, ಕೈ ಜೋಡಿಸಿದಳು. ಬಾಯಿ ತೆರೆದಳು.

ಸುಷ್ಮಿತಾ ಓಡಿ ಬಂದು ಆ ಬಾಯಿಗೆ ಕೈ ಅಡ್ಡ ಹಿಡಿದಳು. “ಬ್ಯಾಡಜ್ಜಿ. ನಂಗೋಸ್ಕರ ಒಂದ್ಸಲ ಮುರಿದಿದ್ದೀಯ, ಅದೇ ಈ ಜನ್ಮಕ್ಕೆ ಸಾಕು. ಈ ಸಲ ಬಗ್ಗೋದು ನೀನಲ್ಲ, ಈ ಫೋನು.” ಅಷ್ಟು ಹೇಳುವಾಗ ಅವಳಿಗೆ ಅಳು ಬಂತು. ಅವಳು ಅದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ.

ಗಂಗಕ್ಕ ಬಾಯಿ ಒರೆಸಿಕೊಂಡು, “ಕೈಯೆಲ್ಲಾ ಸೀಮೇಸುಣ್ಣ, ಅದೇ ಕೈ ಬಾಯ್ಗಿಡ್ತೀಯ,” ಅಂತ ಬೈದಳು. ಆದರೆ ಅವಳ ಮುಖ ಹಗುರಾದದ್ದು ಎಲ್ಲರಿಗೂ ಕಂಡಿತು. ಬೆಂಚಿನ ಮೇಲೆ ಕೂತು ಅವಳು ತನ್ನ ನಿಜವಾದ ಚಿಂತೆ ಹೇಳಿದಳು. “ಅದ್ಸರಿ, ಆಪ್ರೇಷನ್ ಆದ್ಮೇಲೆ ಕಣ್ಣಿಗೆ ಬಟ್ಟೆ ಕಟ್ತಾರಂತೆ. ಮನೆಗೆ ಯಾರ್ ಕರ್ಕಂಡ್ ಬತ್ತಾರೆ? ಅದನ್ನ ಯಾಕೆ ಕೇಳಾಕಿಲ್ಲ ನಿಮ್ ಫೋನು?”

ಜೀವಿತಾ ಥಟ್ಟನೆ ತಲೆಯೆತ್ತಿದಳು. “ಮಿಸ್, ಅದನ್ನೇ ಕೇಳೋಣ. ಹೆಂಗಸರಿಗೂ ಗಂಡಸರಿಗೂ ಅದೊಂದೇ ಪ್ರಶ್ನೆ. ಯಾವ ಗಂಗಕ್ಕ ಅಂತಲೂ ಗೊತ್ತಾಗ್ತದೆ, ಆಸ್ಪತ್ರೆಯೋರಿಗೂ ಉಪಯೋಗ.” ಅವಳು ಆಗಲೇ ಕೀಲಿಮಣೆಯ ಮುಂದೆ ಕೂತಿದ್ದಳು. ಪಕ್ಕದ ಬೆಂಚಿನ ತಿಲಕ್, “ಸುಮ್ಮನಿದ್ದೋರ ಫೋನು ಕಟ್ ಮಾಡೋದು ಬೇಡ. ‘ನಿಧಾನಕ್ಕೆ ಹೇಳಿ, ಇಲ್ಲಾಂದ್ರೆ ನಾವೇ ವಾಪಸ್ ಮಾಡ್ತೀವಿ’ ಅನ್ನಿಸೋಣ,” ಅಂದ. ಜೀವಿತಾ ಹೊಸ ಪ್ರಶ್ನೆಯನ್ನು ತನ್ನ ದನಿಯಲ್ಲಿ ಹೇಳಿ ತುಂಬಿಸಿದಳು.

ಮೊದಲ ಕರೆ ಗಂಗಕ್ಕನದು. ಫೋನನ್ನು ಕಿವಿಗೆ ಒತ್ತಿ ಹಿಡಿದು ಹೆಸರು ಹೇಳಿದಳು, ಊರು ಹೇಳಿದಳು. ಆಮೇಲೆ ಆ ಜೇನಿನ ದನಿ, “ಆಪರೇಷನ್ ಆದ ಮೇಲೆ ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗುವವರು ಯಾರು?” ಅಂತ ಕೇಳಿತು.

“ಇನ್ಯಾರು? ನಮ್ ಸುಷ್ಮಿತಾ,” ಅಂದಳು ಗಂಗಕ್ಕ. ಕೆಳಗಿನ ಹಮಾಲಿಗಳಿಗೂ ಕೇಳಿಸುವಷ್ಟು ಜೋರಾಗಿ.

ಆ ಸಂಜೆ ಮಕ್ಕಳು ಕಟ್ ಆಗಿದ್ದ ಪ್ರತಿ ನಂಬರಿಗೂ ತಾವೇ ಫೋನ್ ಮಾಡಿದರು. ತಪ್ಪಾಯ್ತಜ್ಜಿ ಅಂದರು, ಬೈಸಿಕೊಂಡರು, ಹರಸಿಸಿಕೊಂಡರು. ಹೆಸರುಗಳು ಬಸ್ಸಿನ ಸೀಟುಗಳಿಗಿಂತ ಜಾಸ್ತಿಯಾದವು. ಕಾಡಸಿದ್ದಪ್ಪನವರು, “ಇನ್ನೊಂದು ಬಸ್ಸು ಹೇಳ್ರಲೇ! ನಮ್ಮನೆಯೋಳಿಗೆ ಕಿಟಕಿ ಪಕ್ಕದ ಸೀಟು,” ಅಂತ ಕೂಗಿದರು. ಅವರ ಕೂಗು ವಾಪಸ್ ಬಂದದ್ದು ಕಂಡು ಎಲ್ಲರಿಗೂ ಸಮಾಧಾನವಾಯಿತು. ನಮ್ಮನೆಯೋಳು ಅಂದರಲ್ಲ, ಹೆಂಡತಿಯ ಹೆಸರು ಅವರೂ ಹೇಳಲಿಲ್ಲ ಅನ್ನುವುದನ್ನು ಜೀವಿತಾ ಮಾತ್ರ ಗಮನಿಸಿ ಮೂತಿ ತಿರುವಿದಳು. ಆ ಜಗಳ ಅವರ ಮನೆಯಲ್ಲಿ ಮುದ್ದೆಯ ಮುಂದೆ ಇನ್ನೂ ನಡೆದೇ ಇದೆ.

ಎರಡೂ ಬಸ್ಸು ಹೋದವು. ಆಪರೇಷನ್ ಆದ ಮಾರನೇ ದಿನ ತುಮಕೂರಿನ ಆ ಆಸ್ಪತ್ರೆಯಲ್ಲಿ ಕಪ್ಪು ಕನ್ನಡಕದ ಅಜ್ಜಿಯರು ಸಾಲಾಗಿ ಕೂತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಗಂಗಕ್ಕ ಕನ್ನಡಕ ಸ್ವಲ್ಪ ಕೆಳಗೆ ಸರಿಸಿ ಸುಷ್ಮಿತಾಳನ್ನು ಮೇಲಿಂದ ಕೆಳಗೆ ನೋಡಿದಳು. ನೋಡಿಯೇ ನೋಡಿದಳು.

“ನಿನ್ ತಲೇಲಿ ಬಿಳಿಕೂದ್ಲು ಯಾವಾಗ ಬಂದ್ವೇ? ಎಣ್ಣೆ ಹಾಕಾಕಿಲ್ವಾ? ತೆಂಗಿನ ಸೀಮೇಲಿ ಹುಟ್ಟಿ ತಲೆಗೆ ಎಣ್ಣೆ ಇಲ್ಲ, ಥೂ!”

ಸುಷ್ಮಿತಾ ನಕ್ಕಳು. ಈ ಬೈಗುಳ ಮತ್ತೆ ತನ್ನ ಮುಖ ನೋಡಿಕೊಂಡೇ ಬಂತಲ್ಲ ಅಂತ ಅವಳ ಕಣ್ಣು ತುಂಬಿತು. ಮನಸ್ಸಿನಲ್ಲೇ ಯಾರಿಗೆಲ್ಲ ಕೈಮುಗಿದಳೋ, ಡಾಕ್ಟರಿಗೆ, ಜೀವಿತಾಳಿಗೆ, ಸಾಹುಕಾರರಿಗೆ, ಅವಳಿಗೇ ಲೆಕ್ಕ ಸಿಗಲಿಲ್ಲ.

ನರ್ಸು ಕೈಯಲ್ಲಿ ಕಾಗದ ಹಿಡಿದು ಬಂದು ಕೇಳಿದಳು: “ಗಂಗಕ್ಕನ್ನ ಮನೆಗೆ ಕರ್ಕೊಂಡು ಹೋಗೋರು ಸುಷ್ಮಿತಾ ಅಂತ ಇದೆ. ಯಾರ್ರೀ?”

“ನಾನು,” ಅಂತ ಸುಷ್ಮಿತಾ ಎದ್ದು ನಿಂತಳು.

“ಏನಾಗ್ಬೇಕು ನೀವು ಇವರಿಗೆ?”

ಸುಷ್ಮಿತಾ ಬಾಯಿ ತೆರೆದಳು. ಪಕ್ಕದ ಮನೆಯವಳು ಅನ್ನಬೇಕು, ಅನ್ನಲು ಮನಸ್ಸು ಬರಲಿಲ್ಲ. ನರ್ಸು ಪೆನ್ನು ಹಿಡಿದು ಕಾದಳು.

ಆಗ ಗಂಗಕ್ಕ ಪಕ್ಕದಿಂದ ಅವಳನ್ನು ಮೊಣಕೈಯಲ್ಲಿ ತಿವಿದು, ಅವಳ ಪರವಾಗಿ ತಾನೇ ಹೇಳಿದಳು.

“ಮಗಳು ಅಂತ ಬರ್ಕಳವ್ವ. ಹೊಸ್ತಿಲ ಮೇಲೆ ಕುಂತು ಪಡ್ಕಂಡಿರೋ ಮಗಳು.”